ದೊಡ್ಡದ ಮಾಡು

ಪ್ರಣಿತಾ ಒಂದು ಸಹಿ ಹಾಕಿದ್ರ ಮುಗೀತು, ಸೋಮವಾರದಿಂದ ವಿಜಾಪುರ ರಸ್ತೆಯ ಉಮಾಬಾಯಿಯವರ ಶೇಂಗಾ ಚಟ್ನಿ ಕಾರಖಾನಿಯೊಳಗ ಹುರಿಯೋ ಭಟ್ಟಿ ಬಾಯಿಮಾತಿನ ಮ್ಯಾಲೆ ನಡೀತಿತ್ತು. ಹೆಂಗಸರ ಕೈಯೆಲ್ಲ ಖಾರ, ಗುಂಡಿ ಒತ್ತೋದು ತ್ರಾಸು. ಅದಕ್ಕ ಹೇಳಿದ್ರ ಸಾಕು, ಗ್ಯಾಸಿನ ಉರಿ ಏರಬೇಕು, ಇಳೀಬೇಕು, ಆರಬೇಕು. ಸಾಫ್ಟ್‌ವೇರ್ ಬರೆದಾಂವ ಕಂಪನಿ ಮಾಲಕ ನಿಲೇಶ. ಅದನ್ನ ಪರೀಕ್ಷಾ ಮಾಡೋದು ಪ್ರಣಿತಾನ ಕೆಲಸ. ಕಿರಿಕಿರಿ ಹುಡುಗಿ ಅಂತ ಆಫೀಸಿನ್ಯಾಗ ಆಕಿಗೆ ಹೆಸರು. ಇರವಲ್ದ್ಯಾಕ, ತಪ್ಪು ಹುಡುಕೋರಿಗೆ ಹಾರ ಹಾಕವ್ರು ಯಾರು?

"ಮುನ್ನೂರಾ ಹನ್ನೆರಡು ಪರೀಕ್ಷಾ ಪಾಸ್ ಆಗ್ಯಾವ. ಇನ್ನೇನ್ ನೋಡಾಕತ್ತಿ?" ಅಂದ ನಿಲೇಶ, ಕಾರಖಾನಿಯೊಳಗ ಭಟ್ಟಿ ಪಕ್ಕ ನಿಂತು.

"ಉಮಾಬಾಯಿ ಮಾವಶಿ ಒಂದ್ಸಲ ತಾವಾಗೇ ನಡಸ್ಲಿ, ಸರ್. ನಾವ್ಯಾರೂ ಹೇಳಿಕೊಡೂದು ಬ್ಯಾಡ."

ಸಂಜಿ ಆಗಿತ್ತು. ಉಮಾಬಾಯಿ ದೇವರ ಮುಂದ ದೀಪ ಹಚ್ಚಿ ಬಂದು ಭಟ್ಟಿ ಮುಂದ ನಿಂತ್ರು. ಹಚ್ಚು ಅಂದ್ರು, ಹತ್ತಿತು. ಸಣ್ಣ ಮಾಡು ಅಂದ್ರು, ಸಣ್ಣಾತು. ಶೇಂಗಾ ಹದಾ ಬಂದು ಘಮ್ ಅಂತು. ಆಮ್ಯಾಲೆ ಬಗ್ಗಿ, ಮಗಳಿಗೆ ಹೇಳಿದಂಗ ಮೆತ್ತಗ ಹೇಳಿದ್ರು: "ಸಾಕವ್ವಾ, ಇನ್ನ ದೊಡ್ಡದ ಮಾಡು."

ಉರಿ ಭುಗ್ ಅಂತ ಎದ್ದು ಸೆರಗಿನ ಅಂಚು ಹಿಡೀತು. ಪ್ರಣಿತಾ ಕೆಂಪು ಗುಂಡಿ ಗುದ್ದಿ ಭಟ್ಟಿ ನಿಲ್ಲಿಸಿದ್ಲು, ಸೆರಗು ಕೈಲೇ ಹೊಸಕಿದ್ಲು. ಅಂಗೈ ಚುರ್ ಅಂತು. ಪುಣ್ಯಾ, ಮಾವಶಿಗೆ ಏನೂ ಆಗಿರಲಿಲ್ಲ.

"ಆರಿಸು ಅನ್ಬೇಕಿತ್ತಲ್ರಿ," ಅಂದ ನಿಲೇಶ. ಹೆದರಿಕಿಗೆ ಅಂವಗ ಸಿಟ್ಟು ಬಂದಿತ್ತು.

"ದೀಪಾ ಹಚ್ಚೂ ಹೊತ್ತಿನ್ಯಾಗ ಬೆಂಕಿಗೆ ಆ ಮಾತು ಅಂತಾರೇನಪಾ? ದೊಡ್ಡದ ಮಾಡು ಅಂತೀವಿ. ಅಂದ್ರ ಶಾಂತ ಮಾಡು ಅಂತ. ತಪ್ಪ ನಂದೇ ಬಿಡು, ಮಷೀನಿಗೇನ್ ಗೊತ್ತು."

ಮಷೀನಿಗೆ ಗೊತ್ತಿರಲಿಲ್ಲ, ಖರೆ. ಪ್ರಣಿತಾಗ ಗೊತ್ತಿತ್ತು. ತನ್ನೂರು ಮೈಂದರ್ಗಿಯೊಳಗ ಅಜ್ಜಿ ದಿನಾ "ದೀಪಾ ದೊಡ್ಡದ ಮಾಡ" ಅಂತಿದ್ಲು, ಈಕಿನೇ ಎದ್ದು ಬತ್ತಿ ಎಣ್ಣಿಯೊಳಗ ಎಳೀತಿದ್ಲು. ಆಫೀಸಿನ್ಯಾಗ ಕುಂತು ಉರಿ ಏರಿಸೋ ಮಾತಿನ ಪಟ್ಟಿಯೊಳಗ 'ದೊಡ್ಡದ ಮಾಡು' ಅಂತ ಬರೆದಾಕಿನೂ ಈಕಿನೇ. ಮುನ್ನೂರಾ ಹನ್ನೆರಡು ಸಲ ಮಷೀನಿನ ಕಿವಿ ನೆಟ್ಟಗ ಅದಾವಿಲ್ಲೋ ಅಂತ ನೋಡಿದ್ಲು, ತನ್ನ ಕಿವಿ ನೋಡ್ಕೊಂಡಿರಲಿಲ್ಲ. ನಾಚಿಕಿಗೆ ಆಕಿಗೆ ತಲಿ ಎತ್ತಲಿಕ್ಕೇ ಆಗಲಿಲ್ಲ.

"ತಪ್ಪ ನಂದು, ಮಾವಶಿ," ಅಂದ್ಲು. "ಸರ್, ನಾ ಸಹಿ ಹಾಕಂಗಿಲ್ಲ. ಎರಡು ಅರ್ಥದ ಮಾತು ಬಿತ್ತಂದ್ರ ಭಟ್ಟಿ ಆರಬೇಕು, ಏರಬಾರದು. ಶೇಂಗಾ ಹಸಿ ಉಳದ್ರ ಮತ್ತ ಹುರೀಬಹುದು."

ನಿಲೇಶ ಸೆರಗಿನ ಕರಿ ಅಂಚು ನೋಡಿ ಮೆತ್ತಗಾದ. "ಆತು, ಅದೊಂದ ಮಾತು ತಿದ್ದೂಣು. ಸೋಮವಾರಕ್ಕ ಆಗ್ತದಲ್ಲ?"

"ಆಗ್ತದ ಸರ್." ಆಕಿ ಚೀಲ ಹೆಗಲಿಗೇರಿಸಿ ಬಾಗಲಕ್ಕ ಬಂದ್ಲು. "ಮಾವಶಿ, ನಾ ಬರ್ತೀನ್ರಿ."

"ಹೂಂ, ಬಾ ಯವ್ವಾ," ಅಂದ್ರು ಉಮಾಬಾಯಿ.

ಹೊಂಟಾಕಿ ಬರ್ತೀನಿ ಅಂದಿದ್ಲು. ಕಳಸೋರು ಬಾ ಅಂದಿದ್ರು. ಪ್ರಣಿತಾ ಹೊಸ್ತಿಲದಾಗೇ ನಿಂತ್ಲು, ಹೊಳ್ಳಿ ಒಳಗ ಬಂದು ಬರಿಯೋ ವಹಿ, ಪೆನ್ನು ತಗದು ಮಾವಶಿ ಮುಂದ ಕುಂತ್ಲು.

"ಸೋಮವಾರ ಆಗಂಗಿಲ್ಲ ಸರ್," ಅಂದ್ಲು. "ಮಾವಶಿ, ನಾವು ಇನ್ನ ಯಾವ್ಯಾವ ಮಾತು ಉಲ್ಟಾ ಆಡ್ತೀವಿ, ಒಂದೊಂದೇ ಹೇಳ್ರಿ."