ಪೂವಪ್ಪನ ಕೀಸುಳಿಯೊಳಗಿನ ಚೀಟಿ

ಸದ್ದು ಸರಿಯಿಲ್ಲ, ಮರ ಹೆರೆಯುತ್ತ ಸರ್ರೆಂದು ಹರಿಯಬೇಕಾದ ಕೀಸುಳಿ ಕಿರ್ರೆನ್ನುತ್ತಿದೆ, ಹಲಸಿನ ಬಾಗಿಲಿನ ಅಂಚಿನಿಂದ ಏಳುವ ಸುರುಳಿ ಎಡಗಡೆ ದಪ್ಪ, ಬಲಗಡೆ ಏನೂ ಇಲ್ಲ, ಕಿನ್ನಿ ತನ್ನ ಕೈ ತಡೆದಳು, ಮರದ ಗಂಟು ಇನ್ನೊಂದು ಗೇಣು ದೂರ, ಬೆಳಿಗ್ಗೆ ಹೊಸ ಯಂತ್ರ ಚಕ್ಕೆ ಎಬ್ಬಿಸಿದ್ದು ಅಲ್ಲಿಯೇ, ಬಾಗಿಲು ಹಾಳಾಯಿತಲ್ಲ ಎಂದು ಯಜಮಾನ ಅಹ್ಮದಿಚ್ಚ ತಲೆಯ ಮೇಲೆ ಕೈಹೊತ್ತಿದ್ದರು, ನಾನು ಸರಿಮಾಡುತ್ತೇನೆ ಇಚ್ಚ ಎಂದವಳು ಇವಳೇ, ಅನಂತಪುರದ ಈ ಶೆಡ್ಡಿನಲ್ಲಿ ಮೂರು ವರ್ಷ ಬರೀ ಸ್ಯಾಂಡ್‌ಪೇಪರ್ ಉಜ್ಜಿದವಳು — ಆ ಆಟದ ಸಾಮಾನಿನಲ್ಲಾ, ಇಚ್ಚ ಕೀಸುಳಿಯತ್ತ ಬೆರಳು ತೋರಿಸಿದ್ದರು, ಇನ್ನೊಂದು ಚಕ್ಕೆ ಎದ್ದರೆ ನೀನು ಪುನಃ ಸ್ಯಾಂಡ್‌ಪೇಪರಿಗೇ, ಗೊತ್ತುಂಟಲ್ಲ? ಗೊತ್ತುಂಟು ಎಂದಿದ್ದಳು — ಆಟದ ಸಾಮಾನಂತೆ, ಹೌದು, ಒಳಗೆ ಒತ್ತಿ ಬಗ್ಗಿಸಿದ ತಗಡು, ಹಿಡಿಗೆ ಬಳಿದ ಕೆಂಪು ಬಣ್ಣ, ಅಪ್ಪ ಪೂವಪ್ಪ ಆಚಾರಿ ಗುಜರಿಯಿಂದ ಆರಿಸಿ ತಂದದ್ದು, ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದರೂ ಅಲಗು ಮಿಸುಕದು, ಆಮೇಲೆ ಒಮ್ಮೆಲೇ ಹಾರುವುದು, ಅಲಗು ಕೂರುವ ಜಾಗವೇ ಓರೆ, ಅದಕ್ಕೇ ಅಲಗಿನಡಿಯಲ್ಲಿ, ಎಡಕ್ಕೆ, ಮಡಿಸಿದ ನೆಕ್ರಾಜೆ ಬಸ್ಸಿನ ಟಿಕೆಟು. ಪೂವಪ್ಪನ ಕೀಸುಳಿಯೊಳಗೆ ಮಂತ್ರದ ಚೀಟಿ ಉಂಟಂತೆ ಎಂದು ಊರವರು ಹೇಳುತ್ತಿದ್ದರು, ಅಪ್ಪ ಅಲ್ಲವೆನ್ನಲಿಲ್ಲ, ಮೀಸೆಯೊಳಗೇ ನಕ್ಕ, ಕೊನೆಗೆ ಇವಳೊಬ್ಬಳಿಗೆ ಬಿಚ್ಚಿ ತೋರಿಸಿದ — ಈಗ ಇವಳು ಬಿಚ್ಚಿದಳು, ಒಳಗೆಲ್ಲ ಫಳಫಳ, ಟಿಕೆಟಿಲ್ಲ. ಶಶಾಂಕ, ಇದನ್ನು ಮುಟ್ಟಿದ್ದೀಯಾ? ಯಂತ್ರದ ಬಳಿಯಿಂದ ಶೆಡ್ಡಿನ ಹುಡುಗ ಶಶಾಂಕನ ಹಿಗ್ಗಿದ ಮುಖ, ಹೌದಕ್ಕ, ನಿನ್ನೆ ಸೀಮೆಎಣ್ಣೆ ಹಾಕಿ ತಿಕ್ಕಿದೆ, ಒಳಗೆ ಎಂತದೋ ಕಸ ಇತ್ತು, ಬಿಸಾಡಿದೆ. ಕಸ! ಬೈಯುವುದು ಯಾರನ್ನು, ಅವನು ಉಪಕಾರವೆಂದೇ ಮಾಡಿದ್ದು, ಟಿಕೆಟು ಹೋಯಿತು, ಕೈ ಹೋಗಲಿಲ್ಲವಲ್ಲ, ಕಿಸೆಯಲ್ಲಿ ಇದೇ ಬಾಗಿಲಿನ ಅಳತೆಯ ಚೀಟಿ, ಇವಳದೇ ಅಕ್ಷರ, ನಾಲ್ಕು ಪದರ ಮಡಿಸಿ ಇಟ್ಟಳು, ಹೆಚ್ಚಾಯಿತು, ಸುರುಳಿ ಈಗ ಬಲಕ್ಕೆ ದಪ್ಪ, ತೆಗೆದು ಎರಡೇ ಪದರ, ತಿರುಪು ಒಂದೂವರೆ ಸುತ್ತು, ಆಮೇಲೆ ಕೂದಲೆಳೆಯಷ್ಟು, ಉಸಿರು ಬಿಗಿಹಿಡಿದು — ಸರ್ರ್, ಗಂಟು ಬಂತು, ಗಂಟು ದಾಟಿತು, ಅಂಚಿನಷ್ಟೇ ಅಗಲದ ಸುರುಳಿ ಎಲ್ಲಿಯೂ ಹರಿಯದೆ ಮುಂಗೈಯನ್ನು ಸುತ್ತಿತು, ಈರುಳ್ಳಿ ಸಿಪ್ಪೆಯಷ್ಟು ತೆಳು, ಅಹ್ಮದಿಚ್ಚ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತಾರೆ, ಮತ್ತೊಮ್ಮೆ ಎಳೆಯುತ್ತಾರೆ, ಎಂತ ಮಂತ್ರ ಮಾರಾಯ್ತಿ ಇದು, ಆ ಇನ್ನೊಂದು ಬಾಗಿಲನ್ನೂ ನೀನೇ ಹಿಡಿ — ಇವಳು ಬಾಯಿ ಬಿಡಲಿಲ್ಲ, ಅಪ್ಪನೂ ಬಿಡಲಿಲ್ಲವಲ್ಲ, ಅಲಗಿನಡಿಯಲ್ಲಿ, ಎಡಕ್ಕೆ, ಮಡಿಸಿದ ಚೀಟಿ, ತನ್ನದೇ ಅಕ್ಷರ, ಎಡಕ್ಕೆ, ಮಡಿಸಿದ ಚೀಟಿ —