ಗಿರಾಕಿಗಳು ಬರುವ ಹೊತ್ತು

ಟೋಯಿಂಗ್ ಗಾಡಿಯ ಕೊಕ್ಕೆ ಕಾರಿನ ಮೂತಿಗೆ ಬೀಳುವ ಹೊತ್ತಿಗೆ ಎಲ್ಲರೂ ಸಿಸ್ಟರ್ ಅನ್ನುತ್ತಿದ್ದ ನರ್ಸಿನ ದೇಹ ಇನ್ನೂ ನಡುಮನೆಯಲ್ಲೇ ಇತ್ತು.

ಸರಪಳಿಯ ಸದ್ದಿಗೆ ಅವಳ ಮಗಳು ಹೊರಗೆ ಬಂದಳು. ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿದ್ದವರೆಲ್ಲ ಅತ್ತ ತಿರುಗಿದರು. ಕಾರು ಚಿಕ್ಕದು, ಒಂದು ಕಾಲಕ್ಕೆ ನೀಲಿ. ಬಾನೆಟ್ಟಿನ ಮೇಲೆ ಬಣ್ಣ ಮಾಸಿ, ತಿಕ್ಕಿ ತಿಕ್ಕಿ ಸವೆದ ಪಾತ್ರೆಯಂತೆ ಬೆಳ್ಳಗಾಗಿತ್ತು. ಅದರ ಮುಂದೆ ಮಂಡಿಯೂರಿದ್ದ ಆಳು ಅವಳನ್ನು ಕಂಡು ಕೈ ತಡೆದ.

"ಯಾರ್ ಹೇಳಿದ್ದು ನಿಮಗೆ?"

ಆಳು ಕಣ್ಣಲ್ಲೇ ತೋರಿಸಿದ. ಗೇಟಿನ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕರವಸ್ತ್ರದಿಂದ ಕಣ್ಣೊರೆಸುತ್ತ ಸೋದರಮಾವ ನಿಂತಿದ್ದ. ಸತ್ತವಳಿಗೆ ಒಬ್ಬನೇ ಅಣ್ಣ. ರೈಲ್ವೆ ಗೇಟಿನ ಹತ್ತಿರ ಹಳೆ ಕಾರು ಮಾರುವ ಯಾರ್ಡ್ ಅವನದು.

"ನಿಂಗ್ಯಾಕಮ್ಮ ಈ ತಲೆನೋವು?" ಎಂದ ಮಾವ. "ಅವಳೇ ಹೋದ್ಮೇಲೆ ಈ ಡಬ್ಬ ಇಟ್ಕೊಂಡು ಏನ್ ಮಾಡ್ತೀಯ? ನಾನೇ ಸಾಗಿಸ್ತೀನಿ. ನಿನಗೆ ಒಂದು ಭಾರ ಕಡಿಮೆ ಆಗ್ಲಿ ಅಂತ."

"ಹೆಣ ಏಳೋಕೆ ಮುಂಚೇನಾ?" ಎಂದು ಮೆಟ್ಟಿಲ ಮೇಲಿಂದ ಒಂದು ದನಿ ಬಂತು. ಕಾರನ್ನು ಮೊದಲಿನಿಂದ ನೋಡಿಕೊಂಡಿದ್ದ ಮೆಕ್ಯಾನಿಕ್ ಅದು. ಅವನನ್ನು ಎಲ್ಲರೂ ನಟ್ಟು ಅನ್ನುತ್ತಿದ್ದರು, ಹೆಂಡತಿಯೂ ಸೇರಿ.

"ನೀನ್ ಸುಮ್ನಿರಪ್ಪ. ಇದು ಮನೆ ವಿಷಯ."

"ಓ, ನಾನು ಗಾಡಿ ವಿಷಯ ಅಂದ್ಕೊಂಡೆ."

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಎದುರುಮನೆಯಾಕೆ ಮಗಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಚಿತಾಗಾರದಲ್ಲಿ ನಿಮ್ಮ ಮಾವ ನಾಲ್ಕು ಮಾತಾಡ್ತಾರಂತೆ ಕಣೇ. 'ನನ್ ತಂಗಿಗೆ ಮೊದಲ ಕಾರು ಕೊಟ್ಟೋನು ನಾನು' ಅಂತ ಶುರುವಂತೆ. ಆಗ್ಲೇ ನನ್ನ ಮುಂದೆ ಒಂದ್ಸಲ ಹೇಳಿ ನೋಡ್ಕೊಂಡ್ರು. ಚೆನ್ನಾಗಿದ್ಯಾ ಅಂತ ಬೇರೆ ಕೇಳಿದ್ರು."

"ನೀವೇನಂದ್ರಿ?"

"ಏನನ್ಲಿ? ದನಿ ಚೆನ್ನಾಗಿದೆ ಅಂದೆ."

ಮಗಳು ಕಾರಿನ ಕಡೆ ನೋಡಿದಳು. ಅವಳಿಗೂ ಆ ಕಾರಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಒಂದು ಡಬ್ಬಕ್ಕಾಗಿ ಅಮ್ಮ ಬದುಕಿನ ಭಾನುವಾರಗಳನ್ನೆಲ್ಲ ಸುರಿದಳಲ್ಲ ಎಂದು ಎಷ್ಟೋ ಸಲ ಜಗಳವಾಡಿದ್ದಳು. ಆದರೆ ಆಸ್ಪತ್ರೆಯಲ್ಲಿ ಕೊನೆಯ ಸಲ ಎಚ್ಚರವಾದಾಗ ಅಮ್ಮ ಆಸ್ತಿಯ ಮಾತಾಡಲಿಲ್ಲ, ಒಡವೆಯ ಮಾತಾಡಲಿಲ್ಲ. "ಅಣ್ಣ ಬರ್ತಾನೆ. ಬೈಬೇಡ. ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಬಾ," ಅಂದಳು. ಅಷ್ಟೇ.

ಮಗಳು ಮಾವನ ಹತ್ತಿರ ಹೋದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಇವತ್ತೊಂದು ದಿನ ಇರ್ಲಿ ಮಾವ. ಅಮ್ಮನ ಹಿಂದೆ ಇದರಲ್ಲೇ ಹೋಗೋಣ. ನೀವೂ ಬನ್ನಿ. ಅಲ್ಲಿ ಎಲ್ಲ ಮುಗಿದ ಮೇಲೆ ಕೀ ನಿಮ್ಮ ಕೈಗೇ ಕೊಡ್ತೀನಿ."

ಜನ ನೋಡುತ್ತಿದ್ದರು. ಮಾವ ಕರವಸ್ತ್ರ ಮಡಿಸಿ ಜೇಬಿಗಿಟ್ಟ. ಇಷ್ಟು ವರ್ಷ ಸಿಗದ ಗಾಡಿ ಇಷ್ಟು ಸುಲಭಕ್ಕೆ ಸಿಗುತ್ತದೆಂದು ಅವನು ಎಣಿಸಿರಲಿಲ್ಲ. ಟೋಯಿಂಗ್ ಗಾಡಿಯವನಿಗೂ ತನ್ನ ಡ್ರೈವರಿಗೂ ಯಾರ್ಡಿಗೆ ಹೋಗಿರಲು ಹೇಳಿದ.

*

ಆ ಕಾರನ್ನು ಸಿಸ್ಟರ್ ಕೊಂಡಾಗ ಮಗಳು ಇನ್ನೂ ಶಾಲೆಯಲ್ಲಿದ್ದಳು. ಸಿಸ್ಟರ್‌ಗೆ ಹೆರಿಗೆ ವಾರ್ಡಿನಲ್ಲಿ ಕೆಲಸ. ಪಾಳಿಗೂ ಬಸ್ಸಿಗೂ ಹೊಂದುತ್ತಿರಲಿಲ್ಲ. ಅಣ್ಣ ಯಾರ್ಡಿನ ಮೂಲೆಯಿಂದ ಕಾರನ್ನು ಹೊರಗೆ ತಂದು, ಕರುವಿನ ಬೆನ್ನು ತಟ್ಟುವಂತೆ ಅದರ ನೆತ್ತಿ ತಟ್ಟಿದ.

"ಒಬ್ಬ ಡಾಕ್ಟರಮ್ಮನ ಗಾಡಿ. ಒಂದೇ ಕೈಯಲ್ಲಿ ಓಡಿದ್ದು. ಮನೆ, ಆಸ್ಪತ್ರೆ, ಆಸ್ಪತ್ರೆ, ಮನೆ."

"ಕಾರ್ಪೆಟ್ ಹೊಸದಿದೆಯಲ್ಲಣ್ಣ?"

"ನಿನಗೋಸ್ಕರ ಹಾಕ್ಸಿದ್ದು ಕಣೇ. ಬೇರೆಯವರಿಗೆ ಹಾಕಿಸ್ತೀನಾ?"

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಎಲ್ಲವನ್ನೂ ಎರಡು ಸಲ ನೋಡುವ ಅಭ್ಯಾಸ. ಒಬ್ಬ ಮೆಕ್ಯಾನಿಕ್‌ಗೆ ತೋರಿಸೋಣ ಎಂದ. ಸಿಸ್ಟರ್ ಗದರಿದಳು. "ಸ್ವಂತ ಅಣ್ಣನ ಮುಂದೆ ಮೆಕ್ಯಾನಿಕ್ ಕರ್ಕೊಂಡು ಬಂದ್ರೆ ಅವನೇನು ಅಂದ್ಕೊಳ್ತಾನೆ?"

ಬಿಸಿಲಿಗೆ ನಿಲ್ಲಿಸಿ ಬಾಗಿಲು ತೆಗೆದರೆ ಕಾರಿನೊಳಗಿಂದ ಕೆಸರಿನ ವಾಸನೆ ಬರುತ್ತಿತ್ತು. "ಡಾಕ್ಟರಮ್ಮ ಇದರಲ್ಲಿ ಮೀನು ಸಾಕಿದ್ಲೇನೋ," ಎಂದು ಗಂಡ ನಗುತ್ತಿದ್ದ.

ಅವನಿಗೆ ಎದೆನೋವು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಆಂಬುಲೆನ್ಸಿಗೆ ಕಾಯುವುದಕ್ಕಿಂತ ಕಾರೇ ಬೇಗ ಎಂದುಕೊಂಡಳು ಸಿಸ್ಟರ್. ನರ್ಸಾಗಿ ಆ ಲೆಕ್ಕ ಸರಿಯಾಗಿತ್ತು. ಹಿಂದಿನ ಸೀಟಿನಲ್ಲಿ ಅವನು ಒರಗಿದ್ದ, ಮಗಳು ತಲೆ ಹಿಡಿದುಕೊಂಡಿದ್ದಳು. ರೈಲ್ವೆ ಗೇಟಿಗೆ ಸ್ವಲ್ಪ ಮೊದಲು, ಯಾರ್ಡಿನ ಬಾಗಿಲಿಗೆ ಸರಿಯಾಗಿ, ಇಂಜಿನ್ ಸತ್ತಿತು. ಕೀ ತಿರುಗಿಸಿದರೆ ಕರಕರ ಅನ್ನುತ್ತಿತ್ತೇ ಹೊರತು ಹತ್ತಿಕೊಳ್ಳಲಿಲ್ಲ.

ಅಣ್ಣ ಹೊರಗೆ ಬಂದ. ಅವನ ಹಿಂದೆ ಕಾರು ನೋಡಲು ಬಂದ ಗಂಡಹೆಂಡತಿ ನಿಂತಿದ್ದರು.

"ಅಣ್ಣ, ಇವರಿಗೆ..."

"ಏನೇ ಇದು, ಬಾಗಿಲಲ್ಲೇ? ಮೊದ್ಲು ಗಾಡಿ ಪಕ್ಕಕ್ಕೆ ತೆಗಿ. ಗಿರಾಕಿಗಳು ಬರೋ ಹೊತ್ತು."

ಹೇಳಿ ಒಳಗೆ ಹೋದ. ಹಿಂದಿನ ಸೀಟಿನ ಕಡೆ ಅವನು ನೋಡಲಿಲ್ಲ. ನೋಡಿದ್ದರೆ ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳಲ್ಲಿ ಒಂದರ ಕೀ ಕೊಡುತ್ತಿದ್ದನೋ ಏನೋ. ಸಿಸ್ಟರ್ ಒಂದು ಕೈ ಸ್ಟೇರಿಂಗಿಗೆ ಕೊಟ್ಟು, ಹೆಗಲು ಬಾಗಿಲಿಗೆ ಒತ್ತಿ, ಒಬ್ಬಳೇ ಕಾರನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ರಸ್ತೆಯಲ್ಲಿ ಹೋಗುತ್ತಿದ್ದ ತರಕಾರಿ ಟೆಂಪೊಗೆ ಅಡ್ಡ ನಿಂತಳು. ಆಸ್ಪತ್ರೆಯ ಬಾಗಿಲಲ್ಲಿ ಗಂಡನ ನಾಡಿ ಹಿಡಿದು ನೋಡಿ, ಯಾರನ್ನೂ ಕೂಗಲಿಲ್ಲ.

ಕಾರನ್ನು ಬಿಚ್ಚಿದವನು ನಟ್ಟು. ಹೊಸ ಕಾರ್ಪೆಟ್ಟಿನ ಕೆಳಗೆ ಒಣಗಿದ ಹೊಳೆಯ ಮಣ್ಣು ಪದರವಾಗಿ ಕೂತಿತ್ತು. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಕಿಡಿ ಕೊಡುವ ಕಾಯಿಲಿನ ವೈರಿನ ತುದಿ ಕಿಲುಬುಗಟ್ಟಿ ಹಸಿರಾಗಿತ್ತು.

"ಇದು ನೆರೇಲಿ ಮುಳುಗಿದ್ದ ಗಾಡಿ ಸಿಸ್ಟರ್. ಸೀಟಿನ ಸ್ಪಂಜಲ್ಲಿ ನೀರಿನ ಗೆರೆ ನೋಡಿ."

"ಅಣ್ಣನಿಗೆ ಗೊತ್ತಿತ್ತಾ?"

"ಕಾರ್ಪೆಟ್ ಹಾಕ್ಸಿದ್ದು ಯಾರು?"

ಸಿಸ್ಟರ್ ಆ ಗೆರೆಯ ಮೇಲೆ ಬೆರಳಾಡಿಸಿದಳು. ಗುಜರಿಗೆ ಹಾಕಿಬಿಡಿ ಎಂದ ನಟ್ಟು.

"ಇಲ್ಲ. ಇದು ಇನ್ನು ನಿಲ್ಲಬಾರದು. ಏನೇನು ಮಾಡ್ಬೇಕು, ನನಗೆ ಕಲಿಸು."

*

ಕಲಿತಳು. ವೈರು ಬದಲಿಸಿದಳು, ತುಕ್ಕು ಕೆರೆದು ಬಣ್ಣ ಬಳಿದಳು, ಆಯಿಲ್ ಸೋರುವ ಜಾಗ ಹುಡುಕಿದಳು. ಅದಾದ ಮೇಲೆ ಭಾನುವಾರ ಬೆಳಿಗ್ಗೆ, ಯಾರ್ಡಿಗೆ ಜನ ಬರುವ ಹೊತ್ತಿಗೆ, ಕಾರನ್ನು ರಸ್ತೆಯ ಆಚೆ ಬದಿಗೆ, ಯಾರ್ಡಿನ ಬಾಗಿಲಿಗೆ ಎದುರಾಗಿ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದಳು. ಪ್ಲಗ್ಗುಗಳನ್ನು ಬಿಚ್ಚಿ, ವಾರ್ಡಿನಿಂದ ತಂದ ಹಳೆಯ ಸ್ಟೀಲಿನ ಬಾಗಿದ ಟ್ರೇಯಲ್ಲಿ ಸಾಲಾಗಿ ಇಟ್ಟು, ಹತ್ತಿಯಿಂದ ಒಂದೊಂದನ್ನೇ ಒರೆಸುವಳು. ಆಗಷ್ಟೇ ಹುಟ್ಟಿದ ಮಗುವಿನ ಕಣ್ಣೊರೆಸುವಷ್ಟು ನಿಧಾನ.

ಯಾರ್ಡಿನ ಮೇಲೆ 'ನಂಬಿಕೆಯೇ ನಮ್ಮ ಬಂಡವಾಳ' ಎಂಬ ಬೋರ್ಡಿತ್ತು. ಒಳಗೆ ಹೋಗುವವರು ಈ ನರ್ಸನ್ನು ನೋಡಿ ನಿಲ್ಲುತ್ತಿದ್ದರು. ಕೇಳುತ್ತಿದ್ದರು. ಅವಳು ದನಿ ಏರಿಸುತ್ತಿರಲಿಲ್ಲ, ಒಂದು ಸುಳ್ಳೂ ಸೇರಿಸುತ್ತಿರಲಿಲ್ಲ.

"ಇಲ್ಲೇ ತಗೊಂಡಿದ್ದು. ನಮ್ಮ ಸ್ವಂತ ಅಣ್ಣನೇ ಕೊಟ್ಟಿದ್ದು. ನೀರಲ್ಲಿ ಮುಳುಗಿದ್ದ ಗಾಡಿ. ಈಗ ಚೆನ್ನಾಗಿ ಓಡ್ತಿದೆ, ಸಾಕಷ್ಟು ಕೆಲಸ ಇರುತ್ತೆ ಅಷ್ಟೇ."

ಕೆಲವರು ಒಳಗೆ ಹೋಗುತ್ತಿದ್ದರು. ಕೆಲವರು ಗಡಿಯಾರ ನೋಡಿಕೊಂಡು ಹಿಂತಿರುಗುತ್ತಿದ್ದರು.

ಅಣ್ಣ ಬೇರೆ ಕಾರು ಕೊಡುತ್ತೇನೆಂದ. ನೆಂಟರನ್ನು ಕಳಿಸಿದ. ಕೊನೆಗೆ ಒಂದು ಮಧ್ಯಾಹ್ನ ಅವನ ಆಳು ಆಸ್ಪತ್ರೆಯ ಮುಂದೆ ಕಾರಿನ ಬಾಗಿಲ ಬೀಗ ಬಿಡಿಸುತ್ತಿರುವಾಗ ಸಿಕ್ಕಿಬಿದ್ದ. ಮರುದಿನ ಸಿಸ್ಟರ್ ನಟ್ಟುವಿನಿಂದ ಚಾಲಕನ ಸೀಟಿನ ಕೆಳಗೆ ಒಂದು ಸ್ವಿಚ್ ಹಾಕಿಸಿದಳು. ಅದನ್ನು ಒತ್ತಿದರೆ ಕಿಡಿ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಒತ್ತುವವರೆಗೆ ಯಾರು ಕೀ ತಿರುಗಿಸಿದರೂ ಇಂಜಿನ್ ಹತ್ತಿಕೊಳ್ಳುತ್ತಿರಲಿಲ್ಲ.

"ಕಳ್ಳರಿಗೂ ಬುದ್ಧಿ ಇರುತ್ತೆ ಸಿಸ್ಟರ್. ಇದನ್ಯಾರು ಕದೀತಾರೆ?"

"ನಮ್ಮಣ್ಣ."

*

ಶವವಾಹನ ಮುಂದೆ ಹೊರಟಿತು. ಅದರ ಹಿಂದೆ ಚಿಕ್ಕ ಕಾರು: ಮಗಳು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ನಟ್ಟು, ಹಿಂದೆ ಮಾವ.

"ಮುಂದೆ ಕೂತ್ಕೊಳ್ತೀನಮ್ಮ, ಮೊಣಕಾಲು ತಾಗುತ್ತೆ," ಎಂದಿದ್ದ ಅವನು.

"ಅಪ್ಪ ಕೂತಿದ್ದ ಜಾಗ ಅದು ಮಾವ. ನಿಮ್ಮನ್ನ ಅಲ್ಲೇ ಕೂರಿಸ್ಬೇಕು ಅಂತ ಅಮ್ಮ ಹೇಳಿದ್ಲು."

ಅವನು ಮೊಣಕಾಲು ಮಡಚಿಕೊಂಡು ಕೂತ. ಸ್ವಲ್ಪ ದೂರ ಹೋದ ಮೇಲೆ ಗಂಟಲು ಸರಿಮಾಡಿಕೊಂಡು, ತುಟಿಯಲ್ಲೇ ಏನನ್ನೋ ಹೇಳಿ ನೋಡಿಕೊಳ್ಳತೊಡಗಿದ. 'ಮೊದಲ ಕಾರು' ಎಂಬ ಮಾತು ಮಗಳಿಗೆ ಕೇಳಿಸಿತು.

"ಚಿತಾಗಾರದವರು ನಮಗೋಸ್ಕರ ಕಾಯ್ತಾರೇನಮ್ಮ?"

"ಇಲ್ಲ ಮಾವ. ನಮ್ಮ ಹಿಂದೆ ಇನ್ನೊಬ್ಬರಿದ್ದಾರಂತೆ. ಹೊತ್ತಿಗೆ ಸರಿಯಾಗಿ ಮುಗಿಸಿಬಿಡ್ತಾರೆ."

ರೈಲ್ವೆ ಗೇಟು ಕಂಡಿತು. ಎಡಕ್ಕೆ ಯಾರ್ಡು. ಬಾಗಿಲಲ್ಲಿ ಬಣ್ಣದ ಪತಾಕೆಗಳು, ಕಾರುಗಳ ಗಾಜಿನ ಮೇಲೆ ಬೆಲೆಚೀಟಿಗಳು, ಅವುಗಳ ನಡುವೆ ನಿಂತು ಬಗ್ಗಿ ನೋಡುವ ಜನ. ಅಂದೂ ಭಾನುವಾರವೇ. ಶವವಾಹನ ಹಳಿ ದಾಟಿತು.

ಮಗಳ ಎಡಗೈ ಸೀಟಿನ ಕೆಳಗೆ ಹೋಯಿತು. ಅಲ್ಲಿ ಒಂದು ಕ್ಷಣ ತಡೆಯಿತು. ನಟ್ಟು ಅದನ್ನು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಇಂಜಿನ್ ಸತ್ತಿತು. ಕಾರು ಯಾರ್ಡಿನ ಬಾಗಿಲಿಗೆ ಸರಿಯಾಗಿ ಉರುಳಿ ನಿಂತಿತು.

"ನೋಡ್ದ್ಯಾ?" ಮಾವನ ದನಿಯಲ್ಲಿ ಗೆಲುವಿತ್ತು. "ನಾನ್ ಹೇಳ್ಲಿಲ್ವಾ? ಸತ್ತ ಗಾಡಿ."

ಮಗಳು ಕೀ ತಿರುಗಿಸಿದಳು. ಕರಕರ. ಮತ್ತೆ ತಿರುಗಿಸಿದಳು.

"ಪ್ಲಗ್ ಇರ್ಬೇಕು," ಎಂದ ನಟ್ಟು, ಕಿಟಕಿಯಿಂದಾಚೆಗೆ.

ಯಾರ್ಡಿನಲ್ಲಿದ್ದ ಜನ ತಿರುಗಿ ನೋಡತೊಡಗಿದರು. ಒಬ್ಬ ಹೆಂಗಸು ಗಂಡನಿಗೆ ಏನೋ ಹೇಳಿ ಕಾರಿನತ್ತ ಬೆರಳು ಮಾಡಿದಳು. ಮಾವ ಸೀಟಿನ ಅಂಚಿಗೆ ಬಂದ.

"ಇಲ್ಲಿ ಬೇಡಮ್ಮ. ಇಲ್ಲಿ ನಿಲ್ಲಿಸ್ಬೇಡ. ಏ ನಟ್ಟು, ಇಳಿದು ತಳ್ಳಯ್ಯ."

"ಮಂಡಿ ಆಪರೇಷನ್ ಆಗಿದೆ ಸಾರ್. ಮಾಡಿದ ಡಾಕ್ಟ್ರು ತಳ್ಳೋದು ಬೇಡ ಅಂದಿದ್ದಾರೆ."

"ನನ್ನ ಹುಡುಗರನ್ನ ಕರೀತೀನಿ ತಾಳು."

ಮಗಳು ಹಿಂದಕ್ಕೆ ತಿರುಗಿದಳು. ಅವಳ ಕಣ್ಣು ಒದ್ದೆಯಾಗಿರಲಿಲ್ಲ.

"ಯಾರನ್ನೂ ಕರೀಬೇಡಿ ಮಾವ. ಮೊದ್ಲು ಗಾಡಿ ಪಕ್ಕಕ್ಕೆ ತೆಗೀರಿ. ಗಿರಾಕಿಗಳು ಬರೋ ಹೊತ್ತು."

ಮಾವ ಅವಳನ್ನು ನೋಡಿದ. ಆಮೇಲೆ ತಾನು ಕೂತಿದ್ದ ಸೀಟನ್ನು ನೋಡಿದ, ಅದರ ಮೇಲೆ ಇನ್ನೂ ಯಾರೋ ಇದ್ದಾರೆಂಬಂತೆ. ಬಾಗಿಲು ತೆಗೆದು ಇಳಿದ.

ಬಿಳಿ ಅಂಗಿಯ ತೋಳು ಮಡಿಸಿ, ಹಿಂಬದಿಯ ಗಾಜಿನ ಕೆಳಗೆ ಎರಡೂ ಅಂಗೈ ಊರಿ ತಳ್ಳಿದ. ಕಾರು ಅಲುಗಿತು. ಯಾರ್ಡಿನ ಹುಡುಗನೊಬ್ಬ ಓಡಿಬರಲು ನೋಡಿ, ಯಜಮಾನನ ಮುಖ ಕಂಡು ಅಲ್ಲೇ ನಿಂತ. ಗಿರಾಕಿಗಳು ಬಾಗಿಲವರೆಗೆ ಬಂದಿದ್ದರು.

"ಇದ್ಯಾರ್ರೀ?" ಎಂದು ಒಬ್ಬ ಕೇಳಿದ.

"ಯಾರ್ಡಿನ ಯಜಮಾನ್ರು."

"ಮತ್ತೆ ಆ ಗಾಡಿ?"

ಮುದುಕನ ಉಸಿರು ತೆರೆದ ಕಿಟಕಿಯಿಂದ ಒಳಗೆ ಕೇಳಿಸುತ್ತಿತ್ತು. ಪತಾಕೆಗಳ ಸಾಲು ದಾಟಿತು, ಬೋರ್ಡು ದಾಟಿತು, ರೈಲ್ವೆ ಗೇಟಿನ ಕಂಬ ಹತ್ತಿರ ಬಂತು. ಮಗಳ ಬೆರಳು ಮತ್ತೆ ಸೀಟಿನ ಕೆಳಗೆ ಹೋಯಿತು. ಕೀ ತಿರುಗಿಸಿದಳು.

ಮೊದಲ ಸುತ್ತಿಗೇ ಹತ್ತಿಕೊಂಡಿತು.

ಕಾರು ಮಾವನ ಕೈಯಿಂದ ಕಳಚಿಕೊಂಡು ಹಳಿ ದಾಟಿತು. ಹಿಂದೆ ಗಂಟೆ ಬಡಿಯಿತು, ಗೇಟಿನ ತೊಲೆ ಇಳಿಯಿತು. ಆಚೆ ಬದಿಯಲ್ಲಿ ಶವವಾಹನ ಅವರಿಗಾಗಿ ನಿಧಾನಿಸಿತ್ತು. ಅದರ ಬೆನ್ನಿಗೆ ಕಾರು ಸೇರಿತು.

"ಗೂಡ್ಸು," ಎಂದ ನಟ್ಟು, ಹಳಿಯ ಕಡೆ ಕತ್ತು ಚಾಚಿ. "ಉದ್ದ ಇರುತ್ತೆ."

ಮಗಳು ಕನ್ನಡಿ ಸರಿಮಾಡಿಕೊಂಡಳು. ಹಿಂದಿನ ಸೀಟು ಖಾಲಿ. ಗಾಜಿನ ಕೆಳಗೆ ತಗಡಿನ ಮೇಲೆ ಎರಡು ಅಂಗೈ ಮೂಡಿರಬೇಕು. ಅದು ಕನ್ನಡಿಗೆ ಕಾಣುತ್ತಿರಲಿಲ್ಲ. ಕಂಡದ್ದು ಇಳಿದ ತೊಲೆಯ ಆಚೆ, ತನ್ನದೇ ಯಾರ್ಡಿನ ಪಕ್ಕ, ಗಿರಾಕಿಗಳಿಗೆ ಬೆನ್ನು ಮಾಡಿ ನಿಂತಿದ್ದ ಬಿಳಿ ಅಂಗಿಯ ಮುದುಕ. ತಳ್ಳಲು ಮುಂದೆ ಏನೂ ಇಲ್ಲದಿದ್ದರೂ ಅವನ ಎರಡು ಕೈಗಳೂ ಹಾಗೇ ಚಾಚಿಕೊಂಡಿದ್ದವು. ಆಮೇಲೆ ಗೂಡ್ಸಿನ ಡಬ್ಬಿಗಳು ಒಂದರ ಹಿಂದೊಂದು ಅಡ್ಡ ಬಂದವು.