ಹುಲ್ಲಿನ ಮೇಲಿಟ್ಟ ವಾಷಿಂಗ್ ಮೆಷಿನ್

ಮಾರ್ಕೆಟ್ಟಿನಿಂದ ಮರಳಿದ ಡೆಸ್ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಹಳೆಯ ವಾಷಿಂಗ್ ಮೆಷಿನ್ ಇದ್ದ ಕಡೆ ತುಕ್ಕಿನ ಗುರುತಷ್ಟೇ ಉಳಿದಿತ್ತು.

"ಗ್ಲೆನಿಸ್, ಮೆಷಿನ್ ಎಲ್ಲೇ?"

"ದೊಡ್ಡ ಕಸದ ವಾರ ಅಲ್ವಾ, ಹಳೇ ಸಾಮಾನು ಒಯ್ಯೋ ಗಾಡಿ ಬರುತ್ತೆ, ಹೊರಗೆ ಹುಲ್ಲಿನ ಮೇಲಿಟ್ಟೆ," ಅಂದಳು ಹೆಂಡತಿ. "ರಿಪೇರಿ ಮಾಡ್ತೀನಿ ಮಾಡ್ತೀನಿ ಅಂತಲೇ ನೀನು ಜೈಲಿಗೂ ಹೋದೆ, ವಾಪಸೂ ಬಂದೆ. ಅದು ಮಾತ್ರ ಹಾಗೇ ಇತ್ತು."

ಡೆಸ್ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟ. ಮೆಷಿನ್ನಿನ ಡ್ರಮ್ಮಿನೊಳಗೆ, ಊರಿನ ಬೌಲ್ಸ್ ಆಟದ ಕ್ಲಬ್ಬಿನವರು ಗೆದ್ದವರಿಗೆ ಕೊಡುವ ಬೆಳ್ಳಿ ಕಪ್ಪಿತ್ತು. ತನಗೆ ಸದಸ್ಯತ್ವ ಕೊಡಲಿಲ್ಲವೆಂಬ ಸಿಟ್ಟಿಗೆ ಕಳೆದ ವಾರ ಎತ್ತಿಕೊಂಡು ಬಂದದ್ದು. ಅವನನ್ನು ಜೈಲಿನಿಂದ ಸನ್ನಡತೆಯ ಮೇಲೆ ಬಿಟ್ಟಿದ್ದಾರೆ. ಇನ್ನೊಂದು ಕಳವು ಗೊತ್ತಾದರೆ ಮತ್ತೆ ಒಳಗೆ. ಮಗಳು ರೇಲೀನ್‌ಗೆ ಇದೇ ತಿಂಗಳು ಹೆರಿಗೆ.

ಅವನು ಬೀದಿಗೆ ಓಡಿದ. ಮನೆ ಮುಂದಿನ ಹುಲ್ಲಿನ ಮೇಲೆ ಮುರಿದ ಕುರ್ಚಿ, ಟಿವಿ, ಯಾರದೋ ಹಾಸಿಗೆ. ಮೆಷಿನ್ ಇಲ್ಲ. ಎದುರುಮನೆಯ ಪೊಲೀಸ್ ಸಾರ್ಜೆಂಟ್ ನೆವಿಲ್ ಅದನ್ನು ತಳ್ಳುಗಾಡಿಯಲ್ಲಿ ತನ್ನ ಗ್ಯಾರೇಜಿಗೆ ಒಯ್ಯುತ್ತಿದ್ದ.

ಆ ವಾರ ಹುಲ್ಲಿನ ಮೇಲಿಟ್ಟದ್ದು ಎತ್ತಿಕೊಂಡವರದು. ವಾಪಸು ಕೇಳುವುದು ಆ ಬೀದಿಯಲ್ಲಿ ಕಳ್ಳತನಕ್ಕಿಂತ ನಾಚಿಕೆಗೇಡು. ಜೀವಮಾನವೆಲ್ಲ ಕದ್ದವನಿಗೂ ಆ ಮಾತು ಬಾಯಿಗೆ ಬರಲಿಲ್ಲ.

"ನೆವಿಲ್, ಅದು ಕೆಟ್ಟಿದೆ ಮಾರಾಯ. ನಾನೇ ಎಸೆದು ಬರ್ತೀನಿ, ಕೊಡು."

"ಮೋಟರಿಗೆ ಬೇಕಪ್ಪ. ನಿನಗ್ಯಾಕೆ ತೊಂದರೆ?" ಎಂದು ನೆವಿಲ್ ಮುಚ್ಚಳ ಎತ್ತಿದ. ಬಗ್ಗಿ ನೋಡಿದ. ಕ್ಲಬ್ಬಿನ ಹೆಸರು ಕೆತ್ತಿದ್ದ ಕಪ್ಪನ್ನು ನಿಧಾನವಾಗಿ ಮೇಲೆತ್ತಿ, ಅದರ ಹೊಳಪಿನಲ್ಲಿ ಡೆಸ್‌ನ ಮುಖವನ್ನೇ ನೋಡಿದ.

ಅಷ್ಟರಲ್ಲಿ ಮನೆಯ ಚಪ್ಪಲಿಯಲ್ಲೇ ಗ್ಲೆನಿಸ್ ರಸ್ತೆ ದಾಟಿ ಬಂದಳು. ಕಪ್ಪನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳಿಗೆ ಅಷ್ಟು ಸಾಕಾಗಿತ್ತು.

"ನಮ್ಮ ರಾಶಿ ಮೇಲೆ ಊರವರೆಲ್ಲ ತಂದು ಸುರೀತಾರೆ ನೆವಿಲ್," ಅಂದಳು. "ಆ ಹಾಸಿಗೆ ನೋಡು, ನಮ್ಮದಾ? ಯಾರು ಏನು ತುರುಕಿದ್ರೋ ಯಾರಿಗೆ ಗೊತ್ತು."

ನೆವಿಲ್ ಕತ್ತು ಕೆರೆದುಕೊಂಡ. "ಆ ಹಾಸಿಗೆ ನಂದೇ," ಅಂದ ಸ್ವಲ್ಪ ಸಂಕೋಚದಿಂದ. "ರಾತ್ರಿ ಹಾಕಿದ್ದೆ. ಹೌದು, ಯಾರು ಇಟ್ಟಿದ್ದು ಅಂತ ಹೇಳೋದು ಕಷ್ಟಾನೇ."

"ಸಿಕ್ಕಿದ್ದನ್ನ ಡೆಸ್ ಕ್ಲಬ್ಬಿಗೆ ಕೊಟ್ಟು ಬರ್ತಾನೆ," ಅಂದಳು ಗ್ಲೆನಿಸ್. " ಈಗಲೇ. ಹಗಲಲ್ಲಿ, ಮುಂಬಾಗಿಲಿಂದ. ಅವನಿಗೆ ಅಭ್ಯಾಸ ಇಲ್ಲ, ನಾನೂ ಜೊತೆಗೆ ಹೋಗ್ತೀನಿ."

ನೆವಿಲ್ ನಗು ತಡೆಯಲಾರದೆ ಮೆಷಿನ್ನಿನ ಹಿಂದಕ್ಕೆ ಬಗ್ಗಿದ.

ಕಪ್ಪನ್ನು ಎದೆಗವಚಿಕೊಂಡು ಡೆಸ್ ಬೀದಿಯುದ್ದಕ್ಕೂ ನಡೆದ. ಹುಲ್ಲು ಕತ್ತರಿಸುತ್ತಿದ್ದವರು ತಮ್ಮ ಯಂತ್ರ ನಿಲ್ಲಿಸಿ ಕೂಗಿದರು: "ಏನಯ್ಯಾ ಡೆಸ್, ಗೆದ್ದುಬಿಟ್ಯಾ?"

"ಸಿಕ್ಕಿತು," ಅಂದ ಡೆಸ್. ಕದ್ದ ಮಾಲನ್ನು ಎಲ್ಲರ ಕಣ್ಣೆದುರು ಹೊತ್ತು ನಡೆದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಹಿತವೆನಿಸಿ ಎದೆ ಸ್ವಲ್ಪ ಉಬ್ಬಿತು.

"ಒಡವೆ ಅಡ ಇಡೋ ಅಂಗಡಿ ಕಡೆ ತಿರುಗಬೇಡ," ಅಂದಳು ಗ್ಲೆನಿಸ್ ಹಿಂದಿನಿಂದ. "ಬಲಕ್ಕೆ."

ಅವನು ಬಲಕ್ಕೆ ತಿರುಗಿದ.